13 ಅಡಿ ಮನೆಗೆ ಎಂಥ ಕಿಟಕಿ?

ಹಳೇ ಟ್ರೈಲರ್ ಒಂದನ್ನು ಕೊಂಡ ಮೇಲೆ ನಮ್ಮನೇಲಿ ಎರಡು ತಿಂಗಳು ಜಗಳ ನಡೀತು. ದುಡ್ಡಿಗಲ್ಲ, ಕಿಟಕಿಗೆ.

ನಾವಿರೋದು ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ. ಇಬ್ಬರದ್ದೂ ಸಾಫ್ಟ್‌ವೇರ್ ಕೆಲಸ, ಏಳು ವರ್ಷದ ಮಗಳು. ಇಲ್ಲಿ ಬೇಸಿಗೆ ಅನ್ನೋದು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ. ಅದಕ್ಕೇ ಇರೋ ನಾಲ್ಕು ತಿಂಗಳಲ್ಲಿ ಜನ ವಾರಾಂತ್ಯ ಬಂತೆಂದರೆ ಕಾರಿನ ಹಿಂದೆ ಪುಟ್ಟ ಮನೆ ಕಟ್ಟಿಕೊಂಡು ಕಾಡು, ಕೆರೆ ಅಂತ ಹೊರಟುಬಿಡ್ತಾರೆ. ಆ ಹುಚ್ಚು ನಮಗೂ ಅಂಟಿತು. ಹೊಸ ಟ್ರೈಲರ್ ಬೆಲೆ ಕೇಳಿ ಸುಮ್ಮನಾದೆವು. ಕೊನೆಗೆ ಪಕ್ಕದ ವಿಸ್ಕಾನ್ಸಿನ್‌ನ ವಯಸ್ಸಾದ ದಂಪತಿಯ ಹತ್ತಿರ 1970ರ ದಶಕದ ಫೈಬರ್‌ಗ್ಲಾಸ್ ಟ್ರೈಲರ್ ಸಿಕ್ಕಿತು. ಉದ್ದ 13 ಅಡಿ. ಅದೂ ಕಾರಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ ಮೂತಿ ಸೇರಿ. ಒಳಗೆ ಸಿಗೋದು 10 ಅಡಿಯಷ್ಟೇ.

ಈ ಜಾತಿಯ ಟ್ರೈಲರ್‌ಗೆ ಇಲ್ಲಿ ‘ಎಗ್’ ಅಂತಲೇ ಹೆಸರು. ನೋಡೋಕೆ ಮೊಟ್ಟೆ ಥರಾನೇ ಇರುತ್ತೆ. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಬೋಲರ್ ಅನ್ನೋ ಟ್ರೈಲರ್ ಬಂತು. ಗುಂಡಗಿನ ಬೋಲರ್ ಟೋಪಿಯ ಹೆಸರನ್ನೇ ಅದಕ್ಕಿಟ್ಟಿದ್ದು. ಅಚ್ಚಿನಲ್ಲಿ ಎರಕ ಹೊಯ್ದ ಎರಡು ಚಿಪ್ಪು ಮಾಡಿ ಮಧ್ಯೆ ಜೋಡಿಸಿಬಿಡೋದು. ನಮ್ಮ ಮಿನ್ನೆಸೋಟದ್ದೇ ಬ್ಯಾಕಸ್ ಊರಲ್ಲಿ ಶುರುವಾದ ಸ್ಕ್ಯಾಂಪ್ ಕಂಪನಿ ಈಗಲೂ 13 ಅಡಿಯ ಮೊಟ್ಟೆಗಳನ್ನು ಮಾಡುತ್ತೆ. ಒಳಗೆ ತೊಲೆ, ಕಂಬ ಅಂತ ಇರಲ್ಲ. ಚಿಪ್ಪೇ ಗೋಡೆ, ಚಿಪ್ಪೇ ಸೂರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಟ್ರೈಲರ್‌ನ ಎರಡೂ ಪಕ್ಕಕ್ಕೆ ಇದ್ದದ್ದು ಜ್ಯಾಲಸಿ ಕಿಟಕಿ. ಹೆಸರು ಕೇಳಿ ಹೆದರಬೇಡಿ. ನಮ್ಮೂರ ಬಚ್ಚಲುಮನೆಗಳಲ್ಲಿ ಒಂದರ ಮೇಲೊಂದು ಗಾಜಿನ ಪಟ್ಟಿ ಇರೋ ಲೂವರ್ ಕಿಟಕಿ ಇರುತ್ತಲ್ಲ, ಅದೇ. ಇದರಲ್ಲಿ ಒಂದು ಗುಂಡಿ ತಿರುಗಿಸಿದರೆ ಎಲ್ಲಾ ಪಟ್ಟಿಗಳೂ ಒಟ್ಟಿಗೆ ಮೇಲೇಳುತ್ತವೆ. ಫ್ರೆಂಚಿನಲ್ಲಿ ಜ್ಯಾಲಸಿ ಅಂದ್ರೆ ಹೊಟ್ಟೆಕಿಚ್ಚು ಅಂತಲೂ ಅರ್ಥ ಇದೆ. ನಮ್ಮ ಸಂಸಾರಕ್ಕೆ ಅದು ತಂದಿದ್ದು ಬರೀ ಕಿಚ್ಚು.

ನಮ್ಮ ಯಜಮಾನರಿಗೆ ಹಳೇದು ಹಾಗೇ ಉಳೀಬೇಕು. “ಐವತ್ತು ವರ್ಷದ ಮುಖ ಕಣೇ ಅದು, ಕಿಟಕಿ ಬದಲಾಯಿಸಿದ್ರೆ ಅಜ್ಜಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗಾಗುತ್ತೆ” ಅನ್ನೋರು. ನನಗೆ ಹೊಸದೇ ಬೇಕಿತ್ತು. ಯುರೋಪಿನ ಕ್ಯಾರವಾನ್‌ಗಳಲ್ಲಿ ಹಾಕುವ ಅಕ್ರಿಲಿಕ್ ಕಿಟಕಿ: ಎರಡು ಪದರ, ಮಧ್ಯೆ ಗಾಳಿ, ಮೇಲ್ಗಡೆ ಕೀಲು. ಗೂಡಂಗಡಿಯ ಹಲಗೆಯನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸ್ತಾರಲ್ಲ, ಹಾಗೆ ಹೊರಗಡೆಗೆ ತೆರೆದುಕೊಳ್ಳುತ್ತೆ. ಮೂರನೆಯದು ಬಸ್ಸಿನ ಕಿಟಕಿ ಥರ ಸರಿಸುವ ಗಾಜು. ಅದನ್ನು ಇಬ್ಬರೂ ಬೇಗ ಬಿಟ್ಟೆವು. ಎಷ್ಟು ಸರಿಸಿದರೂ ತೆರೆಯೋದು ಅರ್ಧವೇ, ಮಳೆ ಬಂದರೆ ಮುಚ್ಚಲೇಬೇಕು. ಕೆಳಗಿನ ಗಾಡಿಯಲ್ಲಿ ನೀರು ಹೋಗೋಕೆ ಇಟ್ಟ ಸಣ್ಣ ತೂತುಗಳು ಕಸದಿಂದ ಕಟ್ಟಿಕೊಂಡರೆ ಆ ನೀರೆಲ್ಲ ಹಾಸಿಗೆಗೇ.

ಜಗಳ ಬಗೆಹರಿಯೋ ಮೊದಲೇ ಮೇ ತಿಂಗಳು ಬಂತು. ತೀರ್ಥಹಳ್ಳಿಯಿಂದ ಅತ್ತೆ ಬಂದರು, ಆರು ತಿಂಗಳಿಗೆ. ಅವರಿಗೆ ಸ್ವಲ್ಪ ಉಬ್ಬಸ. “ಮನೇಲಿ ಕೂತು ಏನು ಮಾಡ್ಲಿ, ನಾನೂ ಬರ್ತೀನಿ” ಅಂದರು. ಸರಿ, ಲೇಕ್ ಸುಪೀರಿಯರ್ ದಂಡೆಗೆ ಹೊರಟೆವು. ಅತ್ತೆ, ಮಗಳು ಹಿಂದಿನ ದೊಡ್ಡ ಹಾಸಿಗೆಯಲ್ಲಿ. ನಾನು ಮುಂದಿನ ಸೋಫಾದಲ್ಲಿ. ಇವರು ಹೊರಗೆ ಟೆಂಟಿನಲ್ಲಿ.

ಮೇ ಅಂದರೂ ಅಲ್ಲಿ ರಾತ್ರಿ ಕೊರೆಯುವ ಚಳಿ. ಜ್ಯಾಲಸಿ ಪಟ್ಟಿಗಳ ನಡುವಿನ ರಬ್ಬರ್ ಒಡೆದು ಹೋಗಿತ್ತು, ಗಾಳಿ ಸುಯ್ ಅಂತ ನುಗ್ಗುತ್ತಿತ್ತು. ನಾನೇ ಟೇಪ್ ತಂದು ಒಂದು ಸಂದೂ ಬಿಡದೆ ಅಂಟಿಸಿದೆ. ಜಾಣತನ ಮಾಡಿದೆ ಅಂದುಕೊಂಡೇ ಮಲಗಿದ್ದು.

ಬೆಳಿಗ್ಗೆ ಐದಕ್ಕೆ ಇವರು ನಡುಗುತ್ತಾ ಒಳಗೆ ಬಂದು ಕಾಫಿಗೆ ನೀರಿಟ್ಟರು. ನೀರು ಕುದಿದ ಮೇಲೂ ಒಲೆ ಆರಿಸಲಿಲ್ಲ, ಒಳಗೆ ಬೆಚ್ಚಗಾಗಲಿ ಅಂತ. ಸ್ವಲ್ಪ ಹೊತ್ತಿಗೆ ಗೋಡೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚಿಕೊಂಡಿತು. ಮಗಳು ಅಳೋಕೆ ಶುರು. ಒಲೆ ಆರಿಸಿ, ಬಾಗಿಲು ತೆಗೆದು, ಎಲ್ಲರೂ ರಗ್ಗು ಸುತ್ತಿಕೊಂಡು ಹೊರಗೆ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅತ್ತೆಗೆ ಏದುಸಿರು ಬಂದುಬಿಟ್ಟಿತ್ತು, ಇನ್ಹೇಲರ್ ಹುಡುಕುವಾಗ ನನ್ನ ಕೈ ನಡುಗುತ್ತಿತ್ತು.

ಒಳಗೆ ಹಾಕುವ ಗ್ಯಾಸ್ ಒಲೆಯನ್ನು ಚಳಿ ಕಾಯಿಸೋಕೆ ಬಳಸಬಾರದು, ಅಡುಗೆಗೆ ಹಚ್ಚಿದರೂ ಕಿಟಕಿ ತೆಗೆದಿರಬೇಕು ಅಂತ ಒಲೆಯ ಪಕ್ಕದಲ್ಲೇ ಚೀಟಿ ಅಂಟಿಸಿತ್ತು. ಇಬ್ಬರು ಇಂಜಿನಿಯರುಗಳು ಅದನ್ನು ಓದಿರಲಿಲ್ಲ.

ಇನ್ನೊಂದು ವಿಷಯ ಬೆಳಕಾದ ಮೇಲೆ ಕಾಣಿಸಿತು. ಗೋಡೆ, ಗಾಜು, ಸೂರು ಎಲ್ಲಾ ಕಡೆ ನೀರು ಸುರೀತಾ ಇದೆ. ಮಳೆಯೇ ಇಲ್ಲ! ಮೂರು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ತೇವ ಅದು, ಜೊತೆಗೆ ಒಲೆಯದ್ದು. ಪ್ರೊಪೇನ್ ಉರಿದಾಗ ನೀರಾವಿ ಹುಟ್ಟುತ್ತೆ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರು. ಅದು ಹೋಗೋಕೆ ಜಾಗ ಇಲ್ಲದಿದ್ದರೆ ತಣ್ಣಗಿರೋ ಗಾಜಿನ ಮೇಲೇ ಕೂರುತ್ತೆ. ಎರಡು ವಾರ ಬಿಟ್ಟು ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲಾ ಕಪ್ಪಗೆ ಬೂಷ್ಟು.

ಅತ್ತೆ ಹಾಸಿಗೆ ಮೂಸಿ ನೋಡಿ, “ಮಳೆಗಾಲದಲ್ಲಿ ನಮ್ಮ ಕೋಣೆ ಹೀಗೇ ನಾರೋದು. ಚಳಿ ಅಂತ ಕಿಟಕಿ ಮುಚ್ಚಿದವರ ಮನೇಲೇ ಬೂಷ್ಟು ಜಾಸ್ತಿ ಮಾರಾಯ್ತಿ” ಅಂದರು. ಆಮೇಲೆ ಕೇಳಿದ ಮಾತು ಮಾತ್ರ ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. “ಅಲ್ಲ, ಆವತ್ತು ಬರೀ ಅಲಾರಂ ಹೊಡ್ಕೊಂಡಿದ್ದು. ಒಲೆಗೇ ಬೆಂಕಿ ಹತ್ತಿದ್ದಿದ್ರೆ ನಾನು, ಈ ಕೂಸು ಯಾವ ಕಡೆಯಿಂದ ಹೊರಗೆ ಬರೋದಿತ್ತು?”

ನಮ್ಮ ಟ್ರೈಲರ್‌ಗೆ ಇರೋದು ಒಂದೇ ಬಾಗಿಲು. ಒಲೆ ಮಧ್ಯದಲ್ಲಿ, ಬಾಗಿಲು ಅದರ ಎದುರಿಗೆ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಹಿಂದಿನ ಹಾಸಿಗೆಯಲ್ಲಿ ಮಲಗಿದವರು ಒಲೆಯನ್ನು ದಾಟದೆ ಬಾಗಿಲು ಮುಟ್ಟೋ ಹಾಗಿಲ್ಲ. ಹಿಂದಿನ ಕಿಟಕಿ ತೆರೆಯದ ಗಾಜು. ಪಕ್ಕದ ಜ್ಯಾಲಸಿಯಲ್ಲಿ ಪಟ್ಟಿಗಳು ಎಷ್ಟು ಎದ್ದರೂ ಮಧ್ಯೆ ಬೆಕ್ಕು ನುಸುಳುವುದೂ ಕಷ್ಟ. ಅಮೆರಿಕದಲ್ಲಿ ಈಗ ಬರುವ ಟ್ರೈಲರ್‌ಗಳಿಗೆ ಎನ್‌ಎಫ್‌ಪಿಎ 1192 ಅನ್ನೋ ಸುರಕ್ಷತಾ ನಿಯಮ ಇದೆ. ಬಾಗಿಲಲ್ಲದೆ ಇನ್ನೊಂದು ದಾರಿ ಇರಲೇಬೇಕು. ಕೆಂಪು ಹಿಡಿಕೆಯ ಕಿಟಕಿ ಕಂಡರೆ ಅದೇ ಅಂತ ತಿಳ್ಕೊಳ್ಳಿ. ಮನುಷ್ಯ ತೂರೋಕೆ ಬೇಕಾದ ಜಾಗದ ಅಳತೆ 24 ಇಂಚು, 17 ಇಂಚು. ನಮ್ಮದಕ್ಕೆ ಅಂಥದ್ದೇನೂ ಇರಲಿಲ್ಲ.

ಎರಡು ತಿಂಗಳು ‘ಹಳೇದು ಚೆಂದವೋ ಹೊಸದು ಚೆಂದವೋ’ ಅಂತ ಕಿತ್ತಾಡಿದ್ದು ನೆನೆದು ನಾಚಿಕೆ ಆಯ್ತು. ಆ ರಾತ್ರಿ ಕೂತು ಒಂದೊಂದು ಕಿಟಕಿಯನ್ನೂ ಬೇರೆ ಬೇರೆಯಾಗಿ ನೋಡಿದೆವು: ಇದು ಎಲ್ಲಿದೆ, ಇದರಿಂದ ಏನಾಗಬೇಕು?

ಹಿಂದಿನದಕ್ಕೆ ಉತ್ತರ ಸುಲಭ. ಮನುಷ್ಯ ಹೊರಗೆ ಹಾರುವಂತಿರಬೇಕು. ಅಲ್ಲಿಗೆ ಹೊಸ ಅಕ್ರಿಲಿಕ್ ಕಿಟಕಿ. ತಲೆ ಪಕ್ಕದಲ್ಲೇ ಇರೋದರಿಂದ ಎರಡು ಪದರದ್ದೇ ಸರಿ. ಒಳಗಿನ ಪದರ ಹೊರಗಿನಷ್ಟು ತಣ್ಣಗಾಗಲ್ಲ, ನೀರು ಕೂರೋದು ಕಡಿಮೆ. ತೂಕವೂ ಗಾಜಿನ ಅರ್ಧಕ್ಕಿಂತ ಕಡಿಮೆ.

ಒಲೆ ಪಕ್ಕದ್ದು? ನಾನೇ ಸೋತೆ. ಅಲ್ಲಿ ಜ್ಯಾಲಸಿಗಿಂತ ಒಳ್ಳೆಯದು ಸಿಗಲ್ಲ. ಮಳೆ ಹೊಡೀತಿದ್ರೂ ಪಟ್ಟಿಗಳು ಚಾವಣಿ ಥರ ಬಾಗಿರುತ್ತವೆ, ಹಬೆ ಹೋಗ್ತಾ ಇರುತ್ತೆ. ಎರಡು ಬೆರಳಷ್ಟು ಬೇಕಾದರೆ ಎರಡು ಬೆರಳಷ್ಟೇ. ಇನ್ನೊಂದು ಗುಟ್ಟು ಸೊಳ್ಳೆಯದ್ದು. ಸೊಳ್ಳೆಯೇ ನಮ್ಮ ರಾಜ್ಯಪಕ್ಷಿ ಅಂತ ಮಿನ್ನೆಸೋಟದವರು ತಮಾಷೆ ಮಾಡ್ತಾರೆ. ಜ್ಯಾಲಸಿಯಲ್ಲಿ ಪರದೆ ಒಳಗಡೆ, ಗುಂಡಿ ಪರದೆಗಿಂತ ಈಚೆ. ಪರದೆ ಸರಿಸದೆಯೇ ತೆಗೀಬಹುದು, ಮುಚ್ಚಬಹುದು. ಅಕ್ರಿಲಿಕ್‌ನದ್ದರಲ್ಲಿ ಚಿಲಕಕ್ಕೆ ಕೈ ಹಾಕಬೇಕಾದರೆ ಮೊದಲು ಪರದೆ ಎತ್ತಬೇಕು. ಸಂಜೆ ಏಳಕ್ಕೆ ಹಾಗೆ ಮಾಡಿ ನೋಡಿ, ಗೊತ್ತಾಗುತ್ತೆ. ಮೇಲಾಗಿ ಎದುರಿನ ಪಕ್ಕಕ್ಕೆ ಹೊರಚಾಚುವ ಕಿಟಕಿ ಹಾಕಿದ್ದರೆ ಬಾಗಿಲು ತೆಗೆದಾಗೆಲ್ಲಾ ಅದಕ್ಕೆ ಬಡಿಯೋದು.

ಹಾಗಾಗಿ ಎರಡೂ ಪಕ್ಕಕ್ಕೆ ಹಳೇದೇ, ರಬ್ಬರ್ ಮತ್ತು ಗುಂಡಿಯೊಳಗಿನ ಹಲ್ಲುಚಕ್ರ ಹೊಸದು. ಅಜ್ಜಿಗೆ ಕೂಲಿಂಗ್ ಗ್ಲಾಸ್ ಬರೀ ಬೆನ್ನಿಗೆ.

ಹೇಳಿದಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಹಿಂದೆ ಯಾರೋ ಹಳೇ ಗಾಜಿನ ಸುತ್ತ ಸಿಲಿಕೋನ್ ಮೆತ್ತಿದ್ದರು. ಅದು ಒಂದು ಎಳೆ ಉಳಿದರೂ ಅದರ ಮೇಲೆ ಬೇರೇನೂ ಕಚ್ಚಿಕೊಳ್ಳಲ್ಲ. ಪ್ಲಾಸ್ಟಿಕ್ ಬ್ಲೇಡ್ ಹಿಡಿದು ಎರಡು ಶನಿವಾರ, ಎರಡು ಭಾನುವಾರ ಕೆರೆದಿದ್ದೇ ಕೆರೆದಿದ್ದು. ಕಿಟಕಿ ಕೂರಿಸೋಕೆ ಬೇಕಾದ್ದು ಬ್ಯುಟೈಲ್ ಟೇಪ್, ಜಿಗುಟು ಅಂಟಿನ ಪಟ್ಟಿ. ಮುಂದೆ ಬೇಕಾದರೆ ಕಿತ್ತು ಮತ್ತೆ ಹಾಕಬಹುದು.

ಆಮೇಲೆ ದಪ್ಪದ ತಕರಾರು. ಆ ಕಿಟಕಿ ಹೊರಗೊಂದು ಚೌಕಟ್ಟು, ಒಳಗೊಂದು ಚೌಕಟ್ಟು ಸೇರಿ ಗೋಡೆಯನ್ನು ಕಚ್ಚಿ ಹಿಡಿಯುವಂಥದ್ದು. ಅದಕ್ಕೆ ಒಂದು ಇಂಚಿನ ಆಸುಪಾಸು ಗೋಡೆ ಬೇಕು. ನಮ್ಮ ಚಿಪ್ಪು ಕೆಲವೇ ಮಿಲಿಮೀಟರ್, ಅದೂ ಬಾಗಿದ್ದು. ಒಳಗಡೆ ಬಾಗಿಗೆ ತಕ್ಕಂತೆ ಮರದ ಚೌಕಟ್ಟು ಕೊರೆಸಿ ಕೂರಿಸಬೇಕಾಯ್ತು. ಚಿಪ್ಪೇ ಗೋಡೆ ಅಂದೆನಲ್ಲ, ಅಲ್ಲಿ ಮನಸ್ಸಿಗೆ ಬಂದಷ್ಟು ದೊಡ್ಡ ತೂತು ಕೊಯ್ಯೋ ಹಾಗಿಲ್ಲ, ಗಟ್ಟಿತನವೇ ಹೋಗುತ್ತೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ಮೂರು ಸಲ ಇಟ್ಟು ನೋಡಿ, ಇದ್ದ ಕಂಡಿಯನ್ನೇ ಸ್ವಲ್ಪ ಹಿಗ್ಗಿಸಿದೆವು. ಕೊಯ್ಯುವಾಗ ಏಳುವ ಧೂಳು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಇವರು ಕೊಯ್ದರು, ಅತ್ತೆ ಮತ್ತು ಮಗಳನ್ನು ಅವತ್ತು ಮಾಲ್‌ಗೆ ಕಳಿಸಿದ್ದೆ.

ಬೆಂಗಳೂರಲ್ಲಿ ಟೆಂಪೋ ಟ್ರಾವೆಲರ್‌ನ ಕ್ಯಾಂಪರ್ ಮಾಡಿಸೋಕೆ ಹೊರಟ ನನ್ನ ತಂಗಿ ಮೊನ್ನೆ ಫೋನ್ ಮಾಡಿ, “ಅಕ್ಕಾ, ಯಾವ ಕಿಟಕಿ ಟ್ರೆಂಡ್‌ನಲ್ಲಿದೆ?” ಅಂದಳು. ಒಲೆ ಎಲ್ಲಿಡ್ತಿದ್ದೀಯ, ಹಾಸಿಗೆ ಎಲ್ಲಿ, ಬಾಗಿಲು ಎಲ್ಲಿ, ಅದರ ಫೋಟೋ ಮೊದಲು ಕಳಿಸು ಅಂದೆ. ಇನ್ನೂ ಕಳಿಸಿಲ್ಲ.

ಜುಲೈನಲ್ಲಿ ಗೂಸ್‌ಬೆರಿ ಫಾಲ್ಸ್ ಹತ್ತಿರ ಒಂದು ರಾತ್ರಿ ಜಡಿಮಳೆ. ಹಿಂದಿನ ಕಿಟಕಿಯನ್ನು ಒಂದು ಗೆರೆಯಷ್ಟು ಬಿಟ್ಟು ಚಿಲಕ ಹಾಕಿದ್ದೆವು, ಜ್ಯಾಲಸಿ ಎರಡು ಬೆರಳು. ಬೆಳಿಗ್ಗೆ ಗಾಜಿನ ಪಟ್ಟಿಗಳ ಮೇಲೆ ಒಂದಿಷ್ಟು ಮಂಜು ಇತ್ತು, ಇಲ್ಲ ಅಂತ ಸುಳ್ಳು ಹೇಳಲ್ಲ. ಹಾಸಿಗೆ ಒಣಗಿತ್ತು. ಅತ್ತೆ ಇನ್ಹೇಲರ್ ಮುಟ್ಟದೆ ಎದ್ದರು, ಗುಂಡಿ ತಿರುಗಿಸಿ ಪಟ್ಟಿಗಳನ್ನು ಪೂರ್ತಿ ಎತ್ತಿ, ಆಮೇಲೆ ಒಲೆ ಹಚ್ಚಿದರು.

ಹೊಸ ಕಿಟಕಿಯಲ್ಲಿ ಆಗಲೇ ಒಂದು ಗೀರು ಬಿದ್ದಿದೆ, ನನ್ನದೇ ತಪ್ಪು. ಪಾತ್ರೆ ಉಜ್ಜೋ ಸ್ಕ್ರಬ್ಬರ್‌ನಿಂದ ಒರೆಸಿದೆ. ಅಕ್ರಿಲಿಕ್‌ಗೆ ಸೋಪು ನೀರು, ಮೆತ್ತನೆ ಬಟ್ಟೆ ಬಿಟ್ಟು ಇನ್ನೇನೂ ಆಗಲ್ಲ. ಅಮೋನಿಯ ಇರೋ ಗ್ಲಾಸ್ ಕ್ಲೀನರ್ ಅಂತೂ ಬೇಡವೇ ಬೇಡ. ಸೊಳ್ಳೆಗೆ ಹಚ್ಚಿಕೊಳ್ಳುವ ಡೀಟ್ ಕೂಡ ಕೆಲವು ಪ್ಲಾಸ್ಟಿಕ್‌ಗಳನ್ನು ಹಾಳು ಮಾಡುತ್ತೆ, ಹಚ್ಚಿದ ಕೈಯಲ್ಲಿ ಮುಟ್ಟಬೇಡಿ.

ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕು ಅಂತ ಮಗಳಿಗೆ ಎರಡು ಸಲ ಅಭ್ಯಾಸ ಮಾಡಿಸಿದೆವು. ಚಿಲಕ ತಿರುವು, ತಳ್ಳು, ಕಾಲು ಮೊದಲು ಹೊರಗೆ. ಅತ್ತೆಯೂ ಸೀರೆ ಬದಲು ಚೂಡಿದಾರ ಹಾಕಿಕೊಂಡು ಒಂದು ಸಲ ಇಳಿದು ತೋರಿಸಿದರು, ಕೆಳಗೆ ಇವರು ಸ್ಟೂಲ್ ಹಿಡಿದು ನಿಂತಿದ್ದರು. ಅಂದಿನಿಂದ ಮಗಳು ಬಾಗಿಲು ಬಳಸೋದನ್ನೇ ಬಿಟ್ಟಿದ್ದಾಳೆ. ಮಳೆ ನಿಂತ ತಕ್ಷಣ ಹಿಂದಿನ ಕಿಟಕಿಯಿಂದಲೇ ಧುಮುಕಿ, ಕೆಸರು ಕಾಲಲ್ಲಿ ಅಲ್ಲಿಂದಲೇ ಹಾಸಿಗೆಗೆ ಹತ್ತಿ ಬರ್ತಾಳೆ.