ಹತ್ತು ನಿಮಿಷದ ಒಂದು ಚಿತ್ರ

ಮಹಾಪುರುಷರ ಜಯಂತಿಗಳನ್ನು ನಾವು ಆಚರಿಸುವ ಕ್ರಮ ವಾಚಕರಿಗೆ ತಿಳಿದದ್ದೇ: ಪಟಕ್ಕೆ ಹಾರ, ಅತಿಥಿಗಳ ಭಾಷಣ, ವಂದನಾರ್ಪಣೆ. ಎರಡು ಸಲ ವಂದನೆ ಅರ್ಪಿಸಿದವನು ನಾನೇ. ಅಮೆರಿಕದ ಇಲಿನಾಯ್ ರಾಜ್ಯದ ಮೂವರು ಪ್ರೌಢಶಾಲಾ ವಿದ್ಯಾರ್ಥಿನಿಯರು ತಮ್ಮ ದೇಶದ ನಾಗರಿಕ ಹಕ್ಕುಗಳ ಚಳವಳಿಯನ್ನು ಸ್ಮರಿಸಿದ ಬಗೆ ಬೇರೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ದಕ್ಷಿಣದ ಮಿಸಿಸಿಪಿ ರಾಜ್ಯದಲ್ಲಿ ಕಪ್ಪು ಜನರಿಗೆ ಮತದಾನದ ಹಕ್ಕು ಕಾಗದದ ಮೇಲೆ ಇತ್ತು. ಆದರೆ ಹೆಸರು ನೋಂದಾಯಿಸಲು ಹೋದವನು ರಾಜ್ಯದ ಸಂವಿಧಾನದ ಒಂದು ವಿಧಿಗೆ ಅರ್ಥ ಬರೆದು ಒಪ್ಪಿಸಬೇಕಿತ್ತು. ಸರಿ, ತಪ್ಪು ಹೇಳುವವನು ಬಿಳಿಯ ಅಧಿಕಾರಿ. ಓದಿದವರೂ ಅಲ್ಲಿ ನಪಾಸಾಗುತ್ತಿದ್ದರು. 1965ರ ಮತದಾನ ಹಕ್ಕು ಕಾಯಿದೆ ಬರುವವರೆಗೂ ಇದೇ ಗತಿ. ಇದನ್ನು ಓದುವಾಗ ನನಗೆ ಅವ್ವನ ನೆನಪಾಯಿತು. ಅವಳಿಗೆ ಅಕ್ಷರ ಬಾರದು. ಆದರೂ ಚಿಹ್ನೆ ನೋಡಿ ಮತ ಹಾಕಿ ಬರುತ್ತಾಳೆ; ಯಾರಿಗೆಂದು ಅಪ್ಪನಿಗೂ ಹೇಳುವುದಿಲ್ಲ. 1951-52ರ ಮೊದಲ ಮಹಾಚುನಾವಣೆಯಿಂದಲೂ ನಮ್ಮಲ್ಲಿ ಓದು ಬಾರದವರಿಗೆ ಮತವುಂಟು.

1964ರ ಬೇಸಗೆಯಲ್ಲಿ ಈ ನೋಂದಣಿಗೆ ನೆರವಾಗಲು ನೂರಾರು ಕಾಲೇಜು ವಿದ್ಯಾರ್ಥಿಗಳು ಮಿಸಿಸಿಪಿಗೆ ಹೊರಟರು. ನ್ಯೂಯಾರ್ಕಿನ ಆಂಡ್ರ್ಯೂ ಗುಡ್‌ಮನ್ ಅವರಲ್ಲೊಬ್ಬ. ವಯಸ್ಸು 20, ಅಂದರೆ ನನ್ನದೇ. ಜೂನ್ 21ರಂದು ಆತನೂ, ಮೈಕೆಲ್ ಶ್ವರ್ನರ್ ಮತ್ತು ಅದೇ ರಾಜ್ಯದ ಕಪ್ಪು ಯುವಕ ಜೇಮ್ಸ್ ಚೇನಿಯೂ ಸುಟ್ಟುಹೋದ ಒಂದು ಚರ್ಚನ್ನು ನೋಡಲು ಹೋದರು. ಪೊಲೀಸರು ಅವರನ್ನು ಹಿಡಿದು, ರಾತ್ರಿ ಬಿಟ್ಟರು. ದಾರಿಯಲ್ಲಿ ಕೂ ಕ್ಲಕ್ಸ್ ಕ್ಲಾನ್ ಸಂಘದವರು ಗುಂಡಿಕ್ಕಿ ಕೊಂದರು. 44 ದಿನಗಳ ಮೇಲೆ ಮಣ್ಣಿನ ಒಡ್ಡೊಂದರ ಅಡಿಯಲ್ಲಿ ಹೆಣಗಳು ಸಿಕ್ಕವು. ರಾಜ್ಯ ಸರ್ಕಾರ ಕೊಲೆಯ ಮೊಕದ್ದಮೆಯನ್ನೇ ಹೂಡಲಿಲ್ಲ. ಹಕ್ಕುಗಳ ಭಂಗಕ್ಕೆ ಒಳಸಂಚು ನಡೆಸಿದರೆಂದು ಕೇಂದ್ರ ಸರ್ಕಾರ 1967ರಲ್ಲಿ 18 ಮಂದಿಯನ್ನು ವಿಚಾರಣೆಗೊಳಪಡಿಸಿತು. ಶಿಕ್ಷೆಯಾದದ್ದು 7 ಮಂದಿಗೆ, ಆರು ವರ್ಷಕ್ಕಿಂತ ಹೆಚ್ಚು ಯಾರೂ ಸೆರೆಯಲ್ಲಿರಲಿಲ್ಲ. ಎಡ್ಗರ್ ರೇ ಕಿಲೆನ್ ಎಂಬವನ ವಿಷಯದಲ್ಲಿ ಹನ್ನೊಂದು ಜ್ಯೂರಿಗಳು ಅಪರಾಧಿ ಎಂದರು. ಹನ್ನೆರಡನೆಯವಳು, ಧರ್ಮಬೋಧಕನನ್ನು ತಾನು ಶಿಕ್ಷಿಸಲಾರೆನೆಂದಳು. ಅವನು ಮನೆಗೆ ಹೋದ.

ಅಮೆರಿಕದಲ್ಲಿ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಇತಿಹಾಸ ಸ್ಪರ್ಧೆ ನಡೆಯುತ್ತದೆ. ಸಾಕ್ಷ್ಯಚಿತ್ರವಾದರೆ ಹತ್ತು ನಿಮಿಷ ಮೀರುವಂತಿಲ್ಲ. 2004ರ ಸ್ಪರ್ಧೆಗೆ ಆ ಮೂವರು ಹುಡುಗಿಯರು ಈ ಕೊಲೆಗಳನ್ನು ವಿಷಯವಾಗಿ ಆರಿಸಿಕೊಂಡರು. ಅವರು ಪುಸ್ತಕದಿಂದ ಇಳಿಸಿಕೊಳ್ಳಲಿಲ್ಲ. ಹಳೆಯ ದಾಖಲೆಗಳನ್ನು ಹುಡುಕಿದರು, ಬದುಕಿದ್ದವರನ್ನು ಮಾತನಾಡಿಸಿದರು. ಅಧ್ಯಾಪಕರ ಜೊತೆಗೂಡಿ ಕಿಲೆನ್‌ನ ಸಂದರ್ಶನವನ್ನೂ ಪಡೆದರು. ಮೊಕದ್ದಮೆಯನ್ನು ಮತ್ತೆ ತೆರೆಯಬೇಕೆಂದು ಒತ್ತಾಯಿಸಿದರು. ಎಲ್ಲವೂ ಅವರಿಂದಲೇ ಆಯಿತೆನ್ನುವುದು ಅತ್ಯುಕ್ತಿ. ಮಿಸಿಸಿಪಿಯ ಪತ್ರಕರ್ತ ಜೆರಿ ಮಿಚೆಲ್ ಬಹು ವರ್ಷಗಳಿಂದ ಇದನ್ನು ಬೆನ್ನು ಹತ್ತಿದ್ದರು. ಕೊಲೆ ನಡೆದ ಪ್ರದೇಶದ ನಾಗರಿಕರೇ ಸಮಿತಿ ಕಟ್ಟಿ ನ್ಯಾಯ ಕೇಳಿದ್ದರು. ಆದರೂ ಪರೀಕ್ಷೆ, ಬಹುಮಾನಗಳ ನಡುವೆ ಶಾಲಾ ಹುಡುಗಿಯರು ಆರೋಪಿಯನ್ನೇ ಪ್ರಶ್ನಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ಜಯಂತಿಗಳಲ್ಲಿ ಯಾರನ್ನೂ ಏನೂ ಕೇಳಿದ್ದು ನನಗೆ ನೆನಪಿಲ್ಲ.

2005ರ ಜನವರಿಯಲ್ಲಿ ಕಿಲೆನ್ ಬಂಧಿತನಾದ. ತೀರ್ಪು ಬಂದದ್ದು ಜೂನ್ 21ರಂದು, ಕೊಲೆಗಳಿಗೆ ಸರಿಯಾಗಿ 41 ವರ್ಷ ತುಂಬಿದ ದಿನ. 60 ವರ್ಷಗಳ ಶಿಕ್ಷೆಯಾಗಿ, 2018ರಲ್ಲಿ ಸೆರೆಯಲ್ಲೇ ಸತ್ತ.

ಆ ವಿಚಾರಣೆಯಲ್ಲಿ ಗುಡ್‌ಮನ್‌ನ ತಾಯಿ ಸಾಕ್ಷಿ ನುಡಿದರು. ಆಗ ಅವರಿಗೆ 89 ವರ್ಷ. ಮಗ ಮಿಸಿಸಿಪಿಯಿಂದ ಬರೆದಿದ್ದ ಅಂಚೆ ಕಾರ್ಡನ್ನು ಅವರು ನ್ಯಾಯಾಲಯದಲ್ಲಿ ಓದಿದರು. ಕ್ಷೇಮವಾಗಿ ತಲುಪಿದ್ದೇನೆಂದು ಅದರಲ್ಲಿ ಬರೆದಿತ್ತು.