ಸೇತುವೆಯ ಒಂದು ಕಮಾನೂ ಕಳೆಯದಂತೆ

ಸಾಂಗಲಿಯ ಕೃಷ್ಣಾ ತೀರದಲ್ಲಿ ನಿಂತು ಕತ್ತು ತಿರುಗಿಸಿದರೆ ಐರ್ವಿನ್ ಸೇತುವೆ ಈ ದಡದಿಂದ ಆ ದಡದವರೆಗೂ ಕಾಣುತ್ತದೆ. ಅದೇ ಜಾಗದಲ್ಲಿ ಕ್ಯಾಮೆರಾ ಹಿಡಿದರೆ ಒಂದು ತುಂಡಷ್ಟೇ ಚೌಕಟ್ಟಿನೊಳಗೆ ಬರುತ್ತದೆ. 1929ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆ ಊರಿಗೆ ಪ್ರವಾಹದ ಅಳತೆಗೋಲೂ ಹೌದು. ಇಲ್ಲಿ 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿಯನ್ನೂ ಮುಟ್ಟಿತ್ತು. ಅಂಥ ನದಿಯ ಕಥೆಯನ್ನು ಒಂದು ತುಂಡು ಚಿತ್ರ ಹೇಳಲಾರದು. ದಡ, ಘಾಟು, ಸೇತುವೆ ಮೂರೂ ಒಟ್ಟಿಗೆ ಕಂಡಾಗಲೇ ನೀರು ಎಲ್ಲಿದೆ ಎಂಬುದು ತಿಳಿಯುತ್ತದೆ. ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೊಲಿಯುವ ಪನೋರಮಾ ವಿಧಾನ ಇದಕ್ಕೆ ಒದಗುತ್ತದೆ.

ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಎಡದಿಂದ ಬಲಕ್ಕೆ ತಿರುಗುತ್ತ ಚಿತ್ರ ತೆಗೆಯಬೇಕು. ಪ್ರತಿ ಚಿತ್ರದ ಮೂರನೆಯ ಒಂದು ಭಾಗ ಹಿಂದಿನ ಚಿತ್ರದಲ್ಲಿಯೂ ಇರಬೇಕು. ಸಾಮಾನ್ಯ ಅಗಲನೋಟದ ಮಸೂರವಿದ್ದರೆ ಅರ್ಧ ವೃತ್ತದಷ್ಟು ನೋಟಕ್ಕೆ ಆರು ಚಿತ್ರಗಳು ಸಾಕು. ಬೆಳಕಿನ ಹೊಂದಾಣಿಕೆ, ಬಣ್ಣದ ಹೊಂದಾಣಿಕೆ, ಫೋಕಸ್ ಇವನ್ನು ಮೊದಲ ಚಿತ್ರಕ್ಕೇ ಸ್ಥಿರಗೊಳಿಸಬೇಕು. ಕ್ಯಾಮೆರಾದ ಇಚ್ಛೆಗೆ ಬಿಟ್ಟರೆ ಸೂರ್ಯನ ಕಡೆಯ ಆಕಾಶ ಒಂದು ಬಣ್ಣ, ಎದುರಿನದು ಇನ್ನೊಂದು ಬಣ್ಣವಾಗಿ, ಹೊಲಿದ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ.

ತಿರುಗುವ ರೀತಿಯೂ ಮುಖ್ಯ. ತೋಳು ಚಾಚಿ ಹೆಬ್ಬೆರಳನ್ನು ನೆಟ್ಟಗೆ ಹಿಡಿದು, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿದಂತೆ ತೋರುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದಾಗಲೂ ಹೀಗೆಯೇ ಆಗುತ್ತದೆ. ನದಿಯಂಥ ದೂರದ ನೋಟದಲ್ಲಿ ಈ ದೋಷ ಗೋಚರಿಸದು. ಮಿರಜಿನ ವಾದ್ಯ ತಯಾರಕರ ಅಂಗಡಿಯೊಳಗೆ ಸ್ಥಿತಿ ಬೇರೆ. 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಲ್ಲಿನ ಸಿತಾರ, ತಂಬೂರಿಗಳು ಕೈಗೆಟಕುವಷ್ಟು ಹತ್ತಿರ ಇರುತ್ತವೆ. ಮೈ ಜೊತೆಗೆ ಕ್ಯಾಮೆರಾವೂ ಸುತ್ತು ಹೊಡೆದರೆ ನೇರವಾದ ತಂತಿ ನಡುವೆ ಮುರಿದಂತೆ ಕಾಣುತ್ತದೆ. ಅಲ್ಲಿ ಮುಕ್ಕಾಲಿಯ ಮೇಲೆ, ಮಸೂರವೇ ಅಕ್ಷದಲ್ಲಿರುವಂತೆ ಕ್ಯಾಮೆರಾ ತಿರುಗಬೇಕು.

ಹೊಲಿಗೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಹುಗಿನ್ ಎಂಬ ಉಚಿತ ತಂತ್ರಾಂಶ ಎರಡು ಚಿತ್ರಗಳಲ್ಲಿ ಸಮಾನವಾಗಿರುವ ಗುರುತುಗಳನ್ನು ಹುಡುಕಿ ಜೋಡಿಸುತ್ತದೆ. ಎಲ್ಲ ಕಮಾನುಗಳೂ ಒಂದೇ ರೂಪದವಾದ್ದರಿಂದ ಅದು ಮೂರನೆಯದನ್ನು ನಾಲ್ಕನೆಯದೆಂದು ತಿಳಿಯುವ ಸಂಭವವುಂಟು. ಆಗ ಚಿತ್ರ ಅಂದವಾಗಿಯೇ ಬರುತ್ತದೆ, ಆದರೆ ಸೇತುವೆ ಒಂದು ಕಮಾನಿನಷ್ಟು ಗಿಡ್ಡವಾಗಿರುತ್ತದೆ. ನಡೆಯುವ ಮನುಷ್ಯ ಎರಡು ಕಡೆ ಕಾಣಿಸಬಹುದು, ಇಲ್ಲವೇ ಮಾಯವಾಗಬಹುದು. ನೇರ ಸೇತುವೆ ಬಿಲ್ಲಿನಂತೆ ಬಾಗಲೂಬಹುದು.

ಆದ್ದರಿಂದ ಚಿತ್ರ ಸಿದ್ಧವಾದ ಮೇಲೆ ಮಕ್ಕಳಿಗೆ ಒಂದು ಕೆಲಸವಿದೆ. ತೀರಕ್ಕೆ ಹೋಗಿ ಕಮಾನುಗಳನ್ನು ಎಣಿಸಬೇಕು, ಚಿತ್ರದಲ್ಲಿಯೂ ಎಣಿಸಬೇಕು. ಎರಡು ಲೆಕ್ಕಗಳೂ ಕೂಡಿದರೆ ಮಾತ್ರ ಅದನ್ನು ದಾಖಲೆಯಾಗಿ ಇಡಬೇಕು. ಚಿತ್ರದೊಡನೆ ದಿನಾಂಕ, ವೇಳೆ, ನಿಂತ ಸ್ಥಳವನ್ನು ಬರೆದು, ಬಿಡಿ ಚಿತ್ರಗಳನ್ನೂ ಅಳಿಸದೆ ಉಳಿಸಬೇಕು.

ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು ಎಂದು ಒಂದೇ ಸ್ಥಳದಿಂದ ತೆಗೆದ ಚಿತ್ರಗಳು ನಾಲ್ಕೈದು ವರ್ಷಗಳಲ್ಲಿ ಶಾಲೆಯ ಭೂಗೋಳ ಪಾಠವಾಗಬಲ್ಲವು. ಆ ಸ್ಥಳ ಮೊದಲಿನಿಂದಲೇ ಎತ್ತರದ್ದೂ ಸುರಕ್ಷಿತವಾದದ್ದೂ ಆಗಿರಲಿ. ನೀರು ಏರುತ್ತಿರುವಾಗ ಘಾಟಿಗೆ ಇಳಿದು ತೆಗೆಯಬೇಕಾದ ಚಿತ್ರ ಯಾವುದೂ ಇಲ್ಲ.