ಪ್ರೋಟಾನ್‌ನ ಗಿರಕಿ: ಇನ್ನೂ ತಾಳೆಯಾಗದ ಲೆಕ್ಕ

ಅಥಣಿ ತಾಲ್ಲೂಕಿನ ಕೊಕಟನೂರಿನಂತಹ ಊರುಗಳ ಸಂತೆಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದವರು ಮಾಡಿಸುವ ಪರೀಕ್ಷೆ ಒಂದೇ. ಎಡ ತಟ್ಟೆಯ ಕಾಳನ್ನು ಬಲಕ್ಕೂ ಬಲ ತಟ್ಟೆಯ ತೂಕದ ಕಲ್ಲನ್ನು ಎಡಕ್ಕೂ ಹಾಕಿಸಿ ಇನ್ನೊಮ್ಮೆ ತೂಗಿಸುತ್ತಾರೆ. ಅದಲು ಬದಲಾದ ಮೇಲೂ ತಕ್ಕಡಿ ಮೊದಲಿನ ಬದಿಗೇ ವಾಲಿದರೆ ದೋಷ ತಕ್ಕಡಿಯದು. ಕಾಳು ಹೋದ ಬದಿಗೆ ವಾಲಿಕೆಯೂ ಹೋದರೆ ವ್ಯತ್ಯಾಸ ನಿಜವಾಗಿಯೂ ತೂಕದ್ದು.

ಸ್ವಿಟ್ಜರ್‌ಲೆಂಡ್, ಜರ್ಮನಿ ಹಾಗೂ ಅಮೆರಿಕದ ಬೃಹತ್ ಪ್ರಯೋಗಾಲಯಗಳಲ್ಲಿ ಭೌತವಿಜ್ಞಾನಿಗಳು ಹಲವು ದಶಕಗಳಿಂದ ಇದೇ ಉಪಾಯವನ್ನು ಅನುಸರಿಸುತ್ತಾ ಬಂದಿದ್ದಾರೆ. ಅವರು ತೂಗಹೊರಟಿರುವುದು ಪರಮಾಣುವಿನ ಬೀಜಕೇಂದ್ರದಲ್ಲಿರುವ ಪ್ರೋಟಾನ್ ಎಂಬ ಕಣದ ‘ಸ್ಪಿನ್’ ಅಥವಾ ಗಿರಕಿಯನ್ನು. ಈ ಗಿರಕಿ ಎಷ್ಟೆಂಬುದು ಸುಮಾರು ನೂರು ವರ್ಷಗಳಿಂದ ಗೊತ್ತು. ಅದು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಪಠ್ಯಪುಸ್ತಕಗಳು ನೀಡುತ್ತಿದ್ದ ಸರಳ ಉತ್ತರ ಮಾತ್ರ 1988ರಲ್ಲಿ ಕುಸಿಯಿತು. ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಆ ಹುಡುಕಾಟದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಒಂದು ಲೆಕ್ಕಾಚಾರವೂ ಸೇರಿದ್ದು, ಅದು ಸೂಕ್ತ ಯಂತ್ರಕ್ಕಾಗಿ ಕಾಯುತ್ತಿದೆ.

ಆಸ್ಪತ್ರೆಯಲ್ಲೂ ಇದೇ ಗಿರಕಿ

ಪ್ರೋಟಾನ್‌ನ ಗಿರಕಿ ಪ್ರಯೋಗಾಲಯಕ್ಕಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಬೆಳಗಾವಿ, ಹುಬ್ಬಳ್ಳಿಗಳ ಆಸ್ಪತ್ರೆಗಳಲ್ಲಿ ಎಂಆರ್‌ಐ ಯಂತ್ರದೊಳಗೆ ಮಲಗುವ ರೋಗಿಯ ದೇಹದ ಚಿತ್ರ ಮೂಡುವುದು ಇದೇ ಗುಣದಿಂದ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಪ್ರತಿ ಬೀಜಕೇಂದ್ರವೂ ಒಂದು ಪ್ರೋಟಾನ್. ಗಿರಕಿಯ ಕಾರಣದಿಂದ ಅದು ಪುಟ್ಟ ಆಯಸ್ಕಾಂತದಂತೆ ವರ್ತಿಸುತ್ತದೆ. 1.5 ಟೆಸ್ಲಾ ಬಲದ ಆಯಸ್ಕಾಂತದೊಳಗೆ ಅದು ಸುಮಾರು 64 ಮೆಗಾಹರ್ಟ್ಸ್ ಆವರ್ತದ ರೇಡಿಯೊ ತರಂಗಕ್ಕೆ ಸ್ಪಂದಿಸುತ್ತದೆ. ಆ ಸ್ಪಂದನವೇ ಚಿತ್ರವಾಗಿ ಮಾರ್ಪಡುತ್ತದೆ.

ಗಿರಕಿ ಎಂದೊಡನೆ ಮಕ್ಕಳ ಬುಗುರಿ ನೆನಪಾಗುವುದು ಸಹಜ. ಆದರೆ ಹೋಲಿಕೆಗೆ ಮಿತಿಯಿದೆ. ಬುಗುರಿಯ ವೇಗ ಕುಗ್ಗುತ್ತದೆ, ಕೊನೆಗೆ ಅದು ಉರುಳಿ ಬೀಳುತ್ತದೆ. ಪ್ರೋಟಾನ್‌ನ ಗಿರಕಿ ಎಂದಿಗೂ ಕುಗ್ಗದು, ಹೆಚ್ಚದು. ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದ ಮಾನದಲ್ಲಿ ಅದರ ಬೆಲೆ ಸದಾ ಅರ್ಧ. 1927ರಲ್ಲಿ ಡೇವಿಡ್ ಡೆನ್ನಿಸನ್ ಅವರು ಜಲಜನಕ ಅನಿಲವು ಶಾಖವನ್ನು ಹೀರಿಕೊಳ್ಳುವ ಬಗೆಯನ್ನು ಲೆಕ್ಕ ಹಾಕಿ ಈ ತೀರ್ಮಾನಕ್ಕೆ ಬಂದಿದ್ದರು.

ಪ್ರೋಟಾನ್‌ಗೆ ಒಳರಚನೆ ಇರಬಹುದೆಂಬ ಮೊದಲ ಸುಳಿವು ದೊರೆತದ್ದು 1933ರಲ್ಲಿ. ಒಟ್ಟೊ ಸ್ಟರ್ನ್ ಮತ್ತು ಸಂಗಡಿಗರು ಪ್ರೋಟಾನ್ ಎಂಬ ಆಯಸ್ಕಾಂತದ ಬಲವನ್ನು ಅಳೆದಾಗ ಅದು ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಇಂದಿನ ಅಳತೆಯಂತೆ ಅದು 2.79 ಪಟ್ಟು. ಒಳಗೆ ಏನೂ ಇಲ್ಲದ ಬಿಡಿ ಕಣ ಹೀಗೆ ವರ್ತಿಸಲಾರದು.

1964ರಲ್ಲಿ ಮರ್ರೆ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಪ್ರತ್ಯೇಕವಾಗಿ ಕ್ವಾರ್ಕ್‌ಗಳ ಕಲ್ಪನೆಯನ್ನು ಮುಂದಿಟ್ಟರು. ಎರಡು ‘ಅಪ್’ ಮತ್ತು ಒಂದು ‘ಡೌನ್’ ಕ್ವಾರ್ಕ್ ಸೇರಿ ಪ್ರೋಟಾನ್ ಆಗಿದೆ ಎಂಬುದು ಅದರ ಸಾರ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೇಗೋತ್ಕರ್ಷಕದಲ್ಲಿ ಇಲೆಕ್ಟ್ರಾನ್‌ಗಳನ್ನು ಪ್ರೋಟಾನ್‌ಗಳ ಮೇಲೆ ಹಾಯಿಸಿದಾಗ, ಅವು ಒಳಗಿರುವ ಗಟ್ಟಿ ಚುಕ್ಕಿಗಳಿಗೆ ಬಡಿದಂತೆ ಚದುರಿದವು. ಕ್ವಾರ್ಕ್ ಕಲ್ಪನೆಗೆ ಬಲ ನೀಡಿದ ಈ ಕೆಲಸಕ್ಕಾಗಿ ಜೆರೋಮ್ ಫ್ರೀಡ್‌ಮನ್, ಹೆನ್ರಿ ಕೆಂಡಾಲ್ ಮತ್ತು ರಿಚರ್ಡ್ ಟೇಲರ್ 1990ರ ನೊಬೆಲ್ ಪ್ರಶಸ್ತಿ ಪಡೆದರು.

ಪ್ರತಿ ಕ್ವಾರ್ಕ್‌ನ ಗಿರಕಿಯೂ ಅರ್ಧ. ಎರಡು ಕ್ವಾರ್ಕ್‌ಗಳು ಒಂದು ದಿಕ್ಕಿಗೆ, ಮೂರನೆಯದು ವಿರುದ್ಧ ದಿಕ್ಕಿಗೆ ಇದ್ದರೆ ಉಳಿಯುವುದು ಅರ್ಧ. ಲೆಕ್ಕ ಸರಿಹೋಯಿತೆಂದು ಎಲ್ಲರೂ ಭಾವಿಸಿದ್ದರು.

ಅಸಮ್ಮಿತಿಯ ಎಣಿಕೆ

ಕಣ್ಣಿಗೆ ಕಾಣದ ಕ್ವಾರ್ಕ್ ಯಾವ ದಿಕ್ಕಿಗೆ ಗಿರಕಿ ಹೊಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಇದಕ್ಕಿರುವ ದಾರಿ ಎಣಿಕೆ. ಇಲೆಕ್ಟ್ರಾನ್ ಅಥವಾ ಅದರ ಭಾರವಾದ ಬಂಧುವಾದ ಮ್ಯೂಯಾನ್‌ಗಳನ್ನು, ಅವುಗಳ ಗಿರಕಿ ಒಂದೇ ದಿಕ್ಕಿಗಿರುವಂತೆ ಅಣಿಗೊಳಿಸಿ, ಹಾಗೆಯೇ ಅಣಿಗೊಂಡ ಪ್ರೋಟಾನ್‌ಗಳತ್ತ ಹಾಯಿಸಲಾಗುತ್ತದೆ. ಹೀಗೆ ಅಣಿಗೊಂಡ ಕಣಗಳಿಗೆ ‘ಧ್ರುವೀಕೃತ’ ಎಂದು ಹೆಸರು.

ಮ್ಯೂಯಾನ್ ಡಿಕ್ಕಿ ಹೊಡೆಯುವಾಗ ಕ್ವಾರ್ಕ್‌ಗೆ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ದಾಟಿ ಹೋಗುತ್ತದೆ. ಫೋಟಾನ್‌ನ ಗಿರಕಿ ಒಂದು, ಕ್ವಾರ್ಕ್‌ನದು ಅರ್ಧ. ಎರಡೂ ಒಂದೇ ದಿಕ್ಕಿಗಿದ್ದರೆ ಮೊತ್ತ ಒಂದೂವರೆ. ಯಾವ ಕ್ವಾರ್ಕ್‌ಗೂ ಅಷ್ಟು ಗಿರಕಿ ಇರಲು ಸಾಧ್ಯವಿಲ್ಲವಾದ್ದರಿಂದ ಅದು ಅಂತಹ ಫೋಟಾನನ್ನು ಸ್ವೀಕರಿಸದು. ವಿರುದ್ಧ ದಿಕ್ಕಿಗಿದ್ದರೆ ಮಾತ್ರ ಮೊತ್ತ ಅರ್ಧವಾಗಿ ಡಿಕ್ಕಿ ನಡೆಯುತ್ತದೆ. ಆದ್ದರಿಂದ ಗುರಿಯ ಪ್ರೋಟಾನ್‌ಗಳ ದಿಕ್ಕನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಬದಲಿಸಿ, ಚದುರಿ ಬಂದ ಮ್ಯೂಯಾನ್‌ಗಳನ್ನು ಎಣಿಸಿದರೆ ಕ್ವಾರ್ಕ್‌ಗಳ ಒಲವು ಯಾವ ಕಡೆಗೆಂದು ತಿಳಿಯುತ್ತದೆ.

ಎರಡು ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ‘ಗಿರಕಿ ಅಸಮ್ಮಿತಿ’. ಉದಾಹರಣೆಗೆ, ಒಂದು ಸ್ಥಿತಿಯಲ್ಲಿ 530, ಇನ್ನೊಂದರಲ್ಲಿ 470 ಕಣಗಳು ಬಂದವೆನ್ನೋಣ. ವ್ಯತ್ಯಾಸ 60, ಮೊತ್ತ 1000. ಅಸಮ್ಮಿತಿ ಶೇ 6. ಗುರಿಯಲ್ಲಿನ ಧ್ರುವೀಕರಣ ಶೇ 60ರಷ್ಟೇ ಇದ್ದರೆ ನಿಜವಾದ ಅಸಮ್ಮಿತಿ ಶೇ 10 ಎಂದು ತಿದ್ದಿಕೊಳ್ಳಬೇಕು. ದಿಕ್ಕನ್ನು ಪದೇ ಪದೇ ಅದಲು ಬದಲು ಮಾಡುವುದೇ ಸಂತೆಯ ತಕ್ಕಡಿಯ ಉಪಾಯ. ಯಂತ್ರದ ಕೊರತೆಯಿಂದ ಬಂದ ವಾಲಿಕೆ ಬದಲಾಗದೆ ಉಳಿಯುತ್ತದೆ. ಗಿರಕಿಯಿಂದ ಬಂದ ವಾಲಿಕೆ ಮಾತ್ರ ಗಿರಕಿಯೊಂದಿಗೆ ತಿರುಗುತ್ತದೆ.

1988ರ ಆಘಾತ

ಜಿನೀವಾ ಬಳಿಯ ಸೆರ್ನ್ ಸಂಸ್ಥೆಯಲ್ಲಿ ಯುರೋಪಿಯನ್ ಮ್ಯೂಯಾನ್ ತಂಡವು ಧ್ರುವೀಕೃತ ಅಮೋನಿಯಾ ಗುರಿಯ ಮೇಲೆ ಮ್ಯೂಯಾನ್‌ಗಳನ್ನು ಹಾಯಿಸಿ ನಡೆಸಿದ ಎಣಿಕೆಯ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ವೇಗವಾಗಿ ಚಲಿಸುವ ಕಣಗಳಿಗೆ ಅನ್ವಯಿಸುವ ಸಾಪೇಕ್ಷತೆಯ ಪರಿಣಾಮವನ್ನು ಕಳೆದರೂ, ಪ್ರೋಟಾನ್‌ನ ಗಿರಕಿಯಲ್ಲಿ ಕ್ವಾರ್ಕ್‌ಗಳ ಪಾಲು ಶೇ 60ರಷ್ಟಾದರೂ ಇರಬೇಕೆಂಬ ನಿರೀಕ್ಷೆಯಿತ್ತು. ದೊರೆತದ್ದು ಅದರ ಒಂದು ಸಣ್ಣ ಅಂಶ ಮಾತ್ರ. ಅಳತೆಯ ಅನಿಶ್ಚಿತತೆಯನ್ನು ಗಣಿಸಿದರೆ ಅದು ಸೊನ್ನೆಯೂ ಆಗಿರಬಹುದಿತ್ತು. ವಿಜ್ಞಾನಲೋಕದಲ್ಲಿ ಇದಕ್ಕೆ ‘ಗಿರಕಿಯ ಬಿಕ್ಕಟ್ಟು’ ಎಂಬ ಹೆಸರೇ ಬಂದಿತು.

ಅನಂತರ ಸೆರ್ನ್, ಸ್ಟ್ಯಾನ್‌ಫರ್ಡ್, ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದ ಹರ್ಮಿಸ್ ಪ್ರಯೋಗ ಹಾಗೂ ಅಮೆರಿಕದ ಜೆಫರ್ಸನ್ ಪ್ರಯೋಗಾಲಯಗಳು ಎಣಿಕೆಯನ್ನು ಸೂಕ್ಷ್ಮಗೊಳಿಸಿದವು. ಕ್ವಾರ್ಕ್‌ಗಳ ಪಾಲು ಸುಮಾರು ಮೂರನೆಯ ಒಂದು ಭಾಗ ಎಂಬಲ್ಲಿಗೆ ಇಂದು ಲೆಕ್ಕ ನಿಂತಿದೆ. ಉಳಿದ ಪಾಲಿಗೆ ಇಬ್ಬರು ವಾರಸುದಾರರಿದ್ದಾರೆ. ಮೊದಲನೆಯದು, ಕ್ವಾರ್ಕ್‌ಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಗ್ಲುವಾನ್ ಎಂಬ ಕಣಗಳ ಗಿರಕಿ. ಎರಡನೆಯದು, ಪ್ರೋಟಾನ್‌ನೊಳಗೆ ಇವೆಲ್ಲವೂ ಸುತ್ತುವ ಕಕ್ಷೆಯ ಚಲನೆ.

ಗ್ಲುವಾನ್‌ಗಳ ಪಾಲನ್ನು ಅರಿಯಲು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದ 3.8 ಕಿ.ಮೀ. ಸುತ್ತಳತೆಯ ಆರ್‌ಎಚ್‌ಐಸಿ ಯಂತ್ರದಲ್ಲಿ 2001ರ ಕೊನೆಯಿಂದ ಧ್ರುವೀಕೃತ ಪ್ರೋಟಾನ್‌ಗಳನ್ನು ಪರಸ್ಪರ ಡಿಕ್ಕಿ ಹೊಡೆಸಲಾಯಿತು. ಅವುಗಳ ಪಾಲು ಸೊನ್ನೆಯಲ್ಲ, ಗಣನೀಯ ಎಂಬುದು 2014ರ ವಿಶ್ಲೇಷಣೆಯಲ್ಲಿ ಸ್ಪಷ್ಟವಾಯಿತು. ಆದರೆ ಪ್ರೋಟಾನ್‌ನ ಸಂವೇಗದಲ್ಲಿ ಅತ್ಯಲ್ಪ ಪಾಲು ಹೊತ್ತ ಅಸಂಖ್ಯ ಗ್ಲುವಾನ್‌ಗಳ ಲೆಕ್ಕ ಆ ಯಂತ್ರದ ಕೈಗೆ ಎಟುಕಲಿಲ್ಲ.

ಎಡಕ್ಕೊಂದು, ಬಲಕ್ಕೊಂದು

ಪ್ರೋಟಾನ್‌ನ ಗಿರಕಿಯನ್ನು ಅದು ಸಾಗುವ ದಾರಿಗೆ ಅಡ್ಡಲಾಗಿ, ಅಂದರೆ ಮೇಲ್ಮುಖವಾಗಿ ನಿಲ್ಲಿಸಿದಾಗ ಇನ್ನೊಂದು ಒಗಟು ಎದುರಾಗುತ್ತದೆ. ಇಂತಹ ಡಿಕ್ಕಿಯಲ್ಲಿ ಎಡ-ಬಲಗಳ ವ್ಯತ್ಯಾಸ ನಗಣ್ಯವಾಗಿರಬೇಕೆಂದು 1978ರಲ್ಲಿ ಸಿದ್ಧಾಂತಿಗಳು ಲೆಕ್ಕ ಹಾಕಿದ್ದರು. ಆದರೆ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಧ್ರುವೀಕೃತ ಪ್ರೋಟಾನ್‌ಗಳನ್ನು 200 ಗಿಗಾ ಇಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಹಾಯಿಸಿದ ಪ್ರಯೋಗದ ಫಲಿತಾಂಶ 1991ರಲ್ಲಿ ಹೊರಬಂದಾಗ ಚಿತ್ರವೇ ಬೇರೆಯಾಗಿತ್ತು. ಧನ ವಿದ್ಯುದಂಶದ ಪಯಾನ್ ಕಣಗಳು ಎಡಕ್ಕೂ ಋಣ ವಿದ್ಯುದಂಶದವು ಬಲಕ್ಕೂ ಒಲಿದಿದ್ದವು. ಅಸಮ್ಮಿತಿ ಶೇ 30ನ್ನೂ ಮುಟ್ಟಿತ್ತು.

ಇದಕ್ಕೆ ಡೆನ್ನಿಸ್ ಸಿವರ್ಸ್ 1990ರಲ್ಲಿ ಒಂದು ವಿವರಣೆ ಸೂಚಿಸಿದ್ದರು. ಪ್ರೋಟಾನ್‌ನ ಗಿರಕಿ ಮೇಲ್ಮುಖವಾಗಿದ್ದರೆ ಒಳಗಿನ ಕ್ವಾರ್ಕ್‌ಗಳು ಎಡ-ಬಲಗಳಿಗೆ ಸಮನಾಗಿ ಸರಿಯದೆ ಒಂದು ಪಕ್ಕಕ್ಕೆ ಹೆಚ್ಚಾಗಿ ಸರಿಯುತ್ತವೆ ಎಂಬುದು ಅವರ ಊಹೆ. ಗಿರಕಿಗೂ ಕ್ವಾರ್ಕ್‌ಗಳ ಅಡ್ಡ ಚಲನೆಗೂ ಇರುವ ಈ ನಂಟು ‘ಸಿವರ್ಸ್ ಪರಿಣಾಮ’ ಎಂದು ಹೆಸರಾಯಿತು. ಇದು ಅಸಾಧ್ಯವೆಂಬ ಆಕ್ಷೇಪವೂ ಕೇಳಿಬಂದಿತ್ತು. 2002ರಲ್ಲಿ ಆ ಆಕ್ಷೇಪ ನಿವಾರಣೆಯಾಯಿತು. 2005ರಲ್ಲಿ ಹರ್ಮಿಸ್ ತಂಡ ಪರಿಣಾಮವನ್ನು ಪ್ರಯೋಗದಲ್ಲಿಯೇ ಕಂಡಿತು. ಕಕ್ಷೆಯ ಚಲನೆ ಇಲ್ಲದೆ ಇಂತಹ ವಾಲಿಕೆ ಉಂಟಾಗದು. ಹೀಗಾಗಿ ಕಳೆದುಹೋದ ಗಿರಕಿಯ ಒಂದು ಜಾಡು ಇಲ್ಲಿಯೇ ಇದೆ ಎಂಬ ನಿರೀಕ್ಷೆ ಬಲಗೊಂಡಿತು.

ಬೆಂಗಳೂರಿನ ಲೆಕ್ಕಾಚಾರ

ಕ್ವಾರ್ಕ್‌ಗಳ ವಾಲಿಕೆ ಕಂಡಾಯಿತು, ಗ್ಲುವಾನ್‌ಗಳದ್ದು? ಗ್ಲುವಾನ್‌ಗೆ ವಿದ್ಯುದಂಶವಿಲ್ಲ. ಇಲೆಕ್ಟ್ರಾನ್ ಅದನ್ನು ನೇರವಾಗಿ ಮುಟ್ಟಲಾರದು. ಈ ತೊಡಕಿಗೆ 2012ರಲ್ಲಿ ಒಂದು ದಾರಿ ತೋರಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್‌ಬೋಲೆ. ಅನುರಾಧಾ ಮಿಶ್ರಾ, ಆಸ್ಮಿತಾ ಮುಖರ್ಜಿ ಮತ್ತು ವೈಭವ್ ರಾವೂತ್ ಅವರೊಂದಿಗೆ ಅವರು ಬರೆದ ಪ್ರಬಂಧ ಅಮೆರಿಕದ ‘ಫಿಸಿಕಲ್ ರಿವ್ಯೂ ಡಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರ ಸಲಹೆ ಹೀಗಿತ್ತು: ಇಲೆಕ್ಟ್ರಾನ್ ಬಿಟ್ಟುಕೊಟ್ಟ ಫೋಟಾನ್ ಪ್ರೋಟಾನ್‌ನ ಒಂದು ಗ್ಲುವಾನ್ ಜೊತೆ ಸೇರಿದರೆ ‘ಚಾರ್ಮ್’ ಕ್ವಾರ್ಕ್ ಮತ್ತು ಅದರ ಪ್ರತಿಕಣ ಹುಟ್ಟುತ್ತವೆ. ಅವೆರಡೂ ಕೂಡಿ 1974ರಲ್ಲಿ ಪತ್ತೆಯಾದ ‘ಜೆ-ಸೈ’ ಎಂಬ ಕಣವಾಗಬಲ್ಲವು. ಜೆ-ಸೈ ಕಣಗಳು ಎಡಕ್ಕೆಷ್ಟು, ಬಲಕ್ಕೆಷ್ಟು ಹೋದವೆಂದು ಎಣಿಸಿದರೆ ಗ್ಲುವಾನ್‌ಗಳ ವಾಲಿಕೆ ಹೊರಬೀಳುತ್ತದೆ. ಆಗಿನ ಹಾಗೂ ಮುಂದೆ ಬರಲಿದ್ದ ಯಂತ್ರಗಳ ಶಕ್ತಿಮಟ್ಟಕ್ಕೆ ಅನುಗುಣವಾಗಿ ಲೆಕ್ಕ ಹಾಕಿದ ತಂಡ, ಕೆಲವು ಮಾದರಿಗಳಲ್ಲಿ ಅಸಮ್ಮಿತಿ ಶೇ 25ರವರೆಗೂ ಇರಬಹುದೆಂದು ಅಂದಾಜಿಸಿತು. ಇದು ಊಹಿತ ಮಾದರಿಗಳನ್ನು ಆಧರಿಸಿದ ಅಂದಾಜು; ಸರಿಯೋ ತಪ್ಪೋ ಎಂದು ತೀರ್ಪು ನೀಡಬೇಕಾದದ್ದು ಪ್ರಯೋಗ.

ಪುಣೆಯಲ್ಲಿ 1952ರಲ್ಲಿ ಜನಿಸಿದ ಗೋಡ್‌ಬೋಲೆ 1995ರಲ್ಲಿ ಬೆಂಗಳೂರಿನ ಸಂಸ್ಥೆ ಸೇರಿದ್ದರು. ಫೋಟಾನ್‌ನ ಒಳರಚನೆಯ ಕುರಿತು ಮ್ಯಾನುಯೆಲ್ ಡ್ರೀಸ್ ಅವರೊಂದಿಗೆ ನಡೆಸಿದ ಅಧ್ಯಯನ ಅವರಿಗೆ ಜಾಗತಿಕ ಮನ್ನಣೆ ತಂದಿತ್ತು. 2019ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. 2024ರ ಅಕ್ಟೋಬರ್ 25ರಂದು ಅವರು ನಿಧನ ಹೊಂದಿದರು.

ಬರಲಿರುವ ತಕ್ಕಡಿ

2012ರ ಪ್ರಬಂಧದಲ್ಲಿ ‘ಇ-ಆರ್‌ಎಚ್‌ಐಸಿ’ ಎಂಬ ಯಂತ್ರದ ಪ್ರಸ್ತಾಪವಿತ್ತು. ಆಗ ಅದು ಕಾಗದದ ಮೇಲಿನ ಯೋಜನೆ. 2020ರ ಜನವರಿಯಲ್ಲಿ ಅಮೆರಿಕದ ಇಂಧನ ಇಲಾಖೆ ಇಲೆಕ್ಟ್ರಾನ್-ಅಯಾನ್ ಕೊಲೈಡರ್‌ಗೆ ಬ್ರೂಕ್‌ಹೇವನ್ ಸ್ಥಳವನ್ನು ಆಯ್ಕೆ ಮಾಡಿತು. ಆರ್‌ಎಚ್‌ಐಸಿಯ ಸುರಂಗದಲ್ಲಿಯೇ, ಅದರ ಒಂದು ಉಂಗುರವನ್ನು ಉಳಿಸಿಕೊಂಡು, ಇಲೆಕ್ಟ್ರಾನ್‌ಗಳಿಗಾಗಿ ಹೊಸ ಉಂಗುರ ಸೇರಿಸುವುದು ಇದರ ವಿನ್ಯಾಸ. ಇಲೆಕ್ಟ್ರಾನ್ ಮತ್ತು ಪ್ರೋಟಾನ್ ಎರಡೂ ಧ್ರುವೀಕೃತವಾಗಿರುವ ಇಂತಹ ಡಿಕ್ಕಿಯಂತ್ರ ಹಿಂದೆ ಎಲ್ಲಿಯೂ ನಿರ್ಮಾಣವಾಗಿಲ್ಲ. 2030ರ ದಶಕದಲ್ಲಿ ಅದು ಕಾರ್ಯಾರಂಭ ಮಾಡುವ ನಿರೀಕ್ಷೆಯಿದ್ದು, ಸಿದ್ಧತೆಯಲ್ಲಿ ಭಾರತದ ಹಲವು ಸಂಸ್ಥೆಗಳ ಸಂಶೋಧಕರೂ ತೊಡಗಿದ್ದಾರೆ.

ಆ ಯಂತ್ರದಿಂದ ಹೊರಬರುವ ಜೆ-ಸೈ ಕಣಗಳ ಎಡ-ಬಲದ ಎಣಿಕೆ ಬೆಂಗಳೂರಿನ ಅಂದಾಜನ್ನು ಎತ್ತಿಹಿಡಿಯಬಹುದು, ತಿದ್ದಬಹುದು ಅಥವಾ ತಳ್ಳಿಹಾಕಬಹುದು. ಲೆಕ್ಕ ಹಾಕಿದ ಗೋಡ್‌ಬೋಲೆ ಅದನ್ನು ನೋಡಲು ಇಲ್ಲ. ಮೂಲವಿಜ್ಞಾನದಲ್ಲಿ ಇದು ಅಪರೂಪದ ಸಂಗತಿಯಲ್ಲ. ಒಂದು ತಲೆಮಾರು ಕೇಳಿದ ಪ್ರಶ್ನೆಗೆ ಮುಂದಿನ ತಲೆಮಾರು ಉತ್ತರ ಎಣಿಸುತ್ತದೆ. ಇಂದು ರಾಜ್ಯದ ಕಾಲೇಜುಗಳಲ್ಲಿ ಎರಡು ಅಪ್, ಒಂದು ಡೌನ್ ಸೇರಿ ಪ್ರೋಟಾನ್ ಎಂದು ಓದುತ್ತಿರುವ ವಿದ್ಯಾರ್ಥಿಗಳು ತಿಳಿಯಬೇಕಾದದ್ದೆಂದರೆ, ಆ ಸಾಲು ತಪ್ಪಲ್ಲ, ಅಪೂರ್ಣ. ಅದನ್ನು ಪೂರ್ಣಗೊಳಿಸುವ ಎಣಿಕೆ ನಡೆಯುವ ಹೊತ್ತಿಗೆ ಅವರು ಸಂಶೋಧನೆಯ ವಯಸ್ಸಿಗೆ ಬಂದಿರುತ್ತಾರೆ.